ಐವತ್ತನೆಯ ದಿನದ ಕಿವುಡು

ಬಂಡೆಗೆ ಬಾಯಿಲ್ಲ ಅಂದವನು ಯಾವತ್ತೂ ಗಣಿಗೆ ಇಳಿದವನಲ್ಲ. ನೆತ್ತಿಯ ಮೇಲೆ ಮೂರು ಸಾವಿರ ಅಡಿ ಕಲ್ಲು ಹೊತ್ತ ಬಂಡೆ ಲಟಲಟ ಅನ್ನುತ್ತದೆ, ಮುಲುಗುತ್ತದೆ, ಒಮ್ಮೊಮ್ಮೆ ಸಿಟ್ಟಿಗೆದ್ದು ಸಿಡಿದೇ ಬಿಡುತ್ತದೆ. ಮದ್ದಿಟ್ಟು ಹಾರಿಸಿದ್ದೆಲ್ಲ ಅದರ ಮುಂದೆ ಏನೂ ಅಲ್ಲ. ಎದುರಿಗೆ ನಿಂತವನ ಮೈಯಲ್ಲಿ ಗುರುತು ಹಿಡಿಯಲು ಏನೂ ಉಳಿಯುವುದಿಲ್ಲ. ರಾಯಚೂರು ಸೀಮೆಯ ಕರೇಗುಡ್ಡದ ಚಿನ್ನದ ಗಣಿಯಲ್ಲಿ ಅಂಥವರನ್ನು ಗೋಣಿಚೀಲದಲ್ಲಿ ಮೇಲೆ ತಂದದ್ದನ್ನು ಕಂಡವರು ಇನ್ನೂ ಬದುಕಿದ್ದಾರೆ.

ಆದರೆ ಸಿಡಿಯುವ ಮುಂಚೆ ಬಂಡೆ ಹೇಳಿಯೇ ಸಿಡಿಯುತ್ತದೆ, ಕೇಳುವ ಕಿವಿ ಬೇಕು ಅಷ್ಟೇ. ಆ ಕಿವಿಯನ್ನು ಮಾಡಿದವಳು ಹುಲಿಗೆಮ್ಮ. ಇದೇ ಗಣಿಯಲ್ಲಿ ಸತ್ತ ಕೂಲಿಯೊಬ್ಬನ ಮಗಳು. ಓದಿ ಎಂಜಿನಿಯರಾಗಿ, ತಿರುಗಿ ಇದೇ ಗಣಿಗೆ ಬಂದು, ಸುರಂಗಗಳ ಗೋಡೆಯಲ್ಲಿ ಆರುನೂರು ಕಡೆ ತೂತು ಕೊರೆಸಿ, ಒಂದೊಂದರಲ್ಲೂ ಒಂದು ಬೆರಳುದ್ದದ ಸಂವೇದಕ ಕೂರಿಸಿದಳು. ಬಂಡೆಯ ಸಣ್ಣ ಚಿಟಿಕೆಯ ಸದ್ದೂ ಮೇಲಿನ ಕಂಟ್ರೋಲ್ ರೂಮಿನ ಯಂತ್ರಕ್ಕೆ ಬರುತ್ತಿತ್ತು. ಯಂತ್ರ ಲೆಕ್ಕ ಹಾಕಿ ಹಸಿರು ಇಲ್ಲವೆ ಕೆಂಪು ತೋರಿಸುತ್ತಿತ್ತು. ಕೆಂಪು ಬಿದ್ದರೆ ಕೆಳಗಿನ ದೀಪಗಳೆಲ್ಲ ಕೆಂಪಾಗಿ ಜನ ಮೇಲೆ ಓಡಿಬರಬೇಕು, ಆಳುಗಳನ್ನು ಇಳಿಸುವ ತೊಟ್ಟಿಲು ಮೇಲೆಯೇ ನಿಂತುಬಿಡಬೇಕು. ಅದನ್ನು ಮೀರಿ ತೊಟ್ಟಿಲು ಇಳಿಸುವುದಕ್ಕೆ ಇದ್ದದ್ದು ಒಂದೇ ಒಂದು ಕೀಲಿ. ಅದು ಅವಳ ಕೈಯಲ್ಲಿತ್ತು.

ಆ ಕಾಲ ಹೇಗಿತ್ತು ಅಂದರೆ, ದೊಡ್ಡ ಕಂಪನಿಗಳ ಕಂಪ್ಯೂಟರ್ ಚಿಪ್ಪುಗಳೆಲ್ಲ ಒಡೆಯನ ಮಾತು ಮಾತ್ರ ಕೇಳುತ್ತಿದ್ದವು. ಅವರ ಮೊಹರಿಲ್ಲದ ಒಂದು ಸಾಲು ಪ್ರೋಗ್ರಾಮನ್ನೂ ಒಳಗೆ ಬಿಡುತ್ತಿರಲಿಲ್ಲ. ಅದಕ್ಕೇ ಹುಲಿಗೆಮ್ಮ ಮುಚ್ಚಿಹೋದ ಒಂದು ಸಣ್ಣ ಕಾರ್ಖಾನೆಯ ಚಿಪ್ ಹುಡುಕಿ ತಂದಳು. ಜಗತ್ತಿನಲ್ಲೇ ಅಂಥವು ನಾನೂರು ಇದ್ದವೋ ಇಲ್ಲವೋ. ಯಾರು ಬೇಕಾದರೂ ತೆರೆದು ನೋಡಬಹುದಾದ, ತಿದ್ದಬಹುದಾದ ಮುಕ್ತ ಆಪರೇಟಿಂಗ್ ಸಿಸ್ಟಮ್ ತಗೊಂಡು, ಎರಡು ವರ್ಷ ಕಣ್ಣು ಕೆಂಪು ಮಾಡಿಕೊಂಡು, ಅದನ್ನು ಆ ಚಿಪ್ಪಿಗೆ ಒಗ್ಗಿಸಿದಳು. ಲಕ್ಷಾಂತರ ಜನ ಬಳಸುವ ಚಿಪ್ಪಾದರೆ ಒಂದು ತಪ್ಪಿದ್ದರೂ ವಾರದೊಳಗೆ ಯಾರೋ ಎಡವಿ ಬಿದ್ದು ಬೊಬ್ಬೆ ಹಾಕುತ್ತಾರೆ. ಇಲ್ಲಿ ಎಡವುವುದಕ್ಕೂ ಜನ ಇರಲಿಲ್ಲ. ಯಾರೂ ದೂರು ಹೇಳದಿದ್ದದ್ದನ್ನು ಅವಳು ತಪ್ಪೇ ಇಲ್ಲ ಎಂದುಕೊಂಡಳು. ಅಲ್ಲೇ ಅವಳು ಕೆಟ್ಟದ್ದು.

ಕಂಟ್ರೋಲ್ ರೂಮಿನ ಹಳೆಯ ಆಪರೇಟರ್ ತಾಯಪ್ಪನಿಗೆ ಒಂದು ರೂಢಿಯಿತ್ತು. ಅಮಾವಾಸ್ಯೆಗೆ ಗಣಿಗೆ ರಜೆ. ಅವತ್ತು ಯಂತ್ರ ಆರಿಸಿ, ಧೂಳು ಒರೆಸಿ, ಎದುರಿಗೆ ಒಂದು ಕಾಯಿ ಒಡೆದು, ಮತ್ತೆ ಹಚ್ಚುತ್ತಿದ್ದ. ಹೊಸ ಮಾಲೀಕರು ಬಂದು ಅಮಾವಾಸ್ಯೆಯ ರಜೆ ಕಿತ್ತುಹಾಕಿದರು. ತಾಯಪ್ಪ ಆದರೂ ಯಂತ್ರ ಆರಿಸಲು ಕೈ ಚಾಚಿದಾಗ ಹುಲಿಗೆಮ್ಮನಿಗೆ ರೇಗಿತು.

"ಕಾಕಾ, ಇದೇನು ಎತ್ತೇನು ದಣಿಯಾಕ? ಛಲೋ ಸಿಸ್ಟಮ್ ಅಂದ್ರ ವರ್ಷಗಟ್ಲೆ ನಿಲ್ಲದಂಗ ಓಡಬೇಕು. ಮುಟ್ಟಬ್ಯಾಡ."

"ಮನಶ್ಯಾಗರ ನಿದ್ದಿ ಬೇಕಲ್ಲವ್ವ," ಅಂದ ತಾಯಪ್ಪ. ಕೈ ಹಿಂದಕ್ಕೆ ತಗೊಂಡ.

ಈ ಕಸುಬಿನವರಿಗೆ ಅದೊಂದು ಹುಚ್ಚು. ಯಾರ ಯಂತ್ರ ಎಷ್ಟು ದಿನ ನಿಲ್ಲದೆ ಓಡಿತು ಎಂದು ಮೀಸೆ ತಿರುವುವುದು. ಹುಲಿಗೆಮ್ಮ ಗೋಡೆಗೆ ಹಲಗೆ ಹೊಡೆಸಿ, ದಿನಾ ಮುಂಜಾನೆ ಸೀಮೆಸುಣ್ಣದಲ್ಲಿ ಅಂಕಿ ಬರೆಯುತ್ತಿದ್ದಳು.

ಐವತ್ತನೆಯ ದಿನ ಬಂತು. ಮನೆಯಲ್ಲಿ ಗಂಡ ಯಂಕೋಬ ರೊಟ್ಟಿ ತಿನ್ನುತ್ತಾ ಛೇಡಿಸಿದ. ಅವನು ಇಪ್ಪತ್ತೆಂಟನೆಯ ಮಟ್ಟದ ಮೇಸ್ತ್ರಿ, ಏಳು ಜನರ ತಂಡಕ್ಕೆ ಹಿರಿಯ.

"ಏನವ್ವ, ನಿನ್ನ ಕೂಸಿಗೆ ಇವತ್ತ ಐವತ್ತಲ್ಲ? ಪೇಢೆ ಎಲ್ಲಿ? ನನಗಿಂತ ಅದರ ಮ್ಯಾಲೇ ನಿನಗ ಜೀವ."

"ಸಂಜಿಗೆ ತರ್ತೀನಿ, ಬಾಯಿ ಮುಚಗೊಂಡ ತಿನ್ನು," ಅಂದಳು ಹುಲಿಗೆಮ್ಮ. ನಗು ತಡೆಯಲಾಗಲಿಲ್ಲ.

ಅತ್ತೆ ದ್ಯಾವಮ್ಮ ಒಲೆಯ ಮುಂದಿನಿಂದಲೇ ಅಂದಳು, "ಗಣಿಗೆ ಹೋಗೂವಾಗ ಗಂಡಗ ಹಂಗ ಅನಬಾರದಬೇ." ಯಂಕೋಬ ತಾಯಿಯ ಕಡೆ ಕಣ್ಣು ಮಿಟುಕಿಸಿ, ಹೆಲ್ಮೆಟ್ ಎತ್ತಿಕೊಂಡು ಹೋದ.

ಎಂಟು ಗಂಟೆಗೆ ಮೊದಲ ಪಾಳಿ ಇಳಿಯಿತು. ಒಂಬತ್ತು ದಾಟಿ ಐದು ನಿಮಿಷಕ್ಕೆ ಇಪ್ಪತ್ತೆಂಟನೆಯ ಮಟ್ಟ ಸಿಡಿಯಿತು.

ಊರಿನ ಪಾತ್ರೆಗಳೆಲ್ಲ ಕಪಾಟಿನಿಂದ ಬಿದ್ದವು. ಹುಲಿಗೆಮ್ಮ ಕಂಟ್ರೋಲ್ ರೂಮಿಗೆ ಓಡಿಬಂದಾಗ ಯಂತ್ರ ಇನ್ನೂ ಹಸಿರು ತೋರಿಸುತ್ತಿತ್ತು. ತಾಯಪ್ಪ ಕುರ್ಚಿ ಬಿಟ್ಟು ಎದ್ದು ನಿಂತು ಅದರ ಕಡೆ ಬೆರಳು ತೋರಿಸುತ್ತಿದ್ದ.

"ಹಸರ ಇತ್ತವ್ವ. ನಾ ಕಣ್ಣ ಪಿಳಕಿಸಿಲ್ಲ, ನಿನ್ನ ಪಾದದಾಣಿ. ಹಸರ ಇತ್ತು!"

ಮೇಲೆ ಬಂದವರಲ್ಲಿ ಕೈ ಮುರಿದವರಿದ್ದರು, ಕಿವಿಯಿಂದ ರಕ್ತ ಸೋರುವವರಿದ್ದರು, ಒಬ್ಬನಿಗೆ ಮೊಣಕಾಲ ಕೆಳಗೆ ಏನೂ ಇರಲಿಲ್ಲ. ಎಂಟು ಜನ ಬರಲಿಲ್ಲ. ಯಂಕೋಬ ಬರಲಿಲ್ಲ, ಅವನ ತಂಡದ ಏಳೂ ಜನ ಬರಲಿಲ್ಲ. ಕುಸಿದ ಕಲ್ಲಿನ ಆಚೆ ಉಳಿದಿದ್ದರು, ಸತ್ತೋ ಬದುಕಿಯೋ ಯಾರಿಗೆ ಗೊತ್ತು.

ಹುಲಿಗೆಮ್ಮ ಅಳಲಿಲ್ಲ. ಅಳುವುದಕ್ಕೆ ಪುರಸೊತ್ತಿರಲಿಲ್ಲ. ಯಂತ್ರದ ದಿನಚರಿ ತೆರೆದಳು. ಅದರಲ್ಲಿ ಬಂದ ಸದ್ದೆಲ್ಲ ಕ್ಷಣಕ್ಷಣಕ್ಕೆ ದಾಖಲಾಗುತ್ತದೆ. ಮುಂಜಾನೆ ಏಳು ನಲವತ್ತರ ತನಕ ಸರಿಯಾಗಿತ್ತು. ಆಮೇಲೆ ಸಂವೇದಕಗಳು ಸದ್ದು ಕಳಿಸುತ್ತಲೇ ಇವೆ, ಯಂತ್ರ ಒಂದನ್ನೂ ಎಣಿಸಿಲ್ಲ. ಬಂಡೆ ಒಂದೂವರೆ ತಾಸು ಗಂಟಲು ಹರಿದುಕೊಂಡು ಕೂಗಿದೆ. ಏಳು ನಲವತ್ತಕ್ಕೆ ಯಂತ್ರ ಹಚ್ಚಿ ಎಷ್ಟು ಹೊತ್ತಾಗಿತ್ತು ಎಂದು ನೋಡಿದಳು. ನಲವತ್ತೊಂಬತ್ತು ದಿನ, ಹದಿನೇಳು ತಾಸು, ಎರಡು ನಿಮಿಷ. 

ಈ ಕಸುಬಿನವರಿಗೆ ಆ ಅಂಕಿ ಗೊತ್ತು. ಯಂತ್ರದೊಳಗಿನ ಗಡಿಯಾರ ಸೆಕೆಂಡಿನ ಸಾವಿರದಲ್ಲೊಂದು ಭಾಗವನ್ನು ಎಣಿಸುತ್ತಾ ಹೋಗುತ್ತದೆ. ಆ ಚಿಪ್ಪಿನಲ್ಲಿ ಎಣಿಕೆ ಎರಡು ತುಂಡು. ಕೆಳಗಿನ ತುಂಡು ತುಂಬಿದರೆ ಸೊನ್ನೆಗೆ ಬಂದು, ಮೇಲಿನದು ಒಂದು ಹೆಚ್ಚಬೇಕು, ಗಾಡಿಯ ಮೀಟರಿನ ಹಾಗೆ. ಕೆಳಗಿನ ತುಂಡು ತುಂಬುವುದಕ್ಕೆ ಹಿಡಿಯುವುದು ನಲವತ್ತೊಂಬತ್ತು ದಿನ, ಹದಿನೇಳು ತಾಸು. ಹುಲಿಗೆಮ್ಮ ಬರೆದ ಒಂದು ಸಾಲು ಕೆಳಗಿನ ತುಂಡನ್ನು ಮಾತ್ರ ಓದುತ್ತಿತ್ತು. ಅದು ಸೊನ್ನೆಗೆ ಬಂದೊಡನೆ ಯಂತ್ರಕ್ಕೆ ಪ್ರತಿಯೊಂದು ಹೊಸ ಸದ್ದೂ ಐವತ್ತು ದಿನ ಹಳೆಯದಾಗಿ ಕಂಡಿತು. ಹಳಸಿದ ಸುದ್ದಿ ಎಂದು ಬದಿಗೆ ಎಸೆಯುತ್ತಾ ಹೋಯಿತು. ಯಂತ್ರ ಕೆಟ್ಟು ನಿಂತಿದ್ದರೆ ಯಾರಿಗಾದರೂ ತಿಳಿಯುತ್ತಿತ್ತು. ಅದು ಓಡುತ್ತಲೇ ಕಿವುಡಾಗಿತ್ತು. ತಿಂಗಳಿಗೊಮ್ಮೆ ತಾಯಪ್ಪ ಆರಿಸುತ್ತಿದ್ದಷ್ಟು ದಿನ ಆ ತಪ್ಪು ತಲೆ ಎತ್ತುವುದಕ್ಕೆ ಸಂದೇ ಸಿಕ್ಕಿರಲಿಲ್ಲ.

"ನಾನ ಕೊಂದೆ ಕಾಕಾ," ಅಂದಳು. "ನನ್ನ ಸಾಲು. ನಾನ ಬರೆದದ್ದು."

ತಾಯಪ್ಪನಿಗೆ ಅರ್ಥವಾಯಿತೋ ಇಲ್ಲವೋ. "ಈಗ ಹಚ್ಚಿದ್ರ ಕೇಳಸ್ತೈತಿಲ್ಲೋ? ಆರಿಸಿ ಹಚ್ಚು ಮೊದಲ," ಅಂದ.

ಸಾಲು ತಿದ್ದಿ, ಆರಿಸಿ ಹಚ್ಚಿದಳು. ಆರು ನಿಮಿಷ. ಹಚ್ಚಿದ ಕೂಡಲೇ ಕೆಂಪು ಬಿತ್ತು. ಬಂಡೆಯ ಸಿಟ್ಟು ಇಳಿದಿರಲಿಲ್ಲ. ಸದ್ದು ಗಂಟೆಗಂಟೆಗೆ ಏರುತ್ತಿತ್ತು. ಸಂಜೆಯೊಳಗೆ ಇನ್ನೊಂದು ಸಿಡಿತ ಎಂದಿತು ಯಂತ್ರ, ಮೊದಲಿನದಕ್ಕಿಂತ ದೊಡ್ಡದು, ಅದೇ ಜಾಗದಲ್ಲಿ. ಇಪ್ಪತ್ತೆಂಟಕ್ಕೆ ಹೋಗುವ ದಾರಿ ಇದ್ದದ್ದೂ ಅದೇ ಜಾಗದ ಮೇಲೆ.

ಇಬ್ಬರೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡರು. ಬಂಡೆಯ ಲಟಲಟದ ನಡುವೆ ಇನ್ನೊಂದು ಸದ್ದು ಇತ್ತು. ಕಬ್ಬಿಣದ ಮೇಲೆ ಕಬ್ಬಿಣ. ಐದು ಬಡಿತ, ಬಿಡುವು. ಮತ್ತೆ ಐದು, ಬಿಡುವು. ಕರೇಗುಡ್ಡದ ಕಟ್ಟಳೆ ಅದು: ಒಳಗೆ ಸಿಕ್ಕಿಬಿದ್ದವರು ಎಷ್ಟು ಜನ ಬದುಕಿದ್ದಾರೋ ಅಷ್ಟು ಸಲ ಕೊಳವೆಗೆ ಬಡಿಯಬೇಕು.

ಎಂಟರಲ್ಲಿ ಐದು. ಯಾವ ಐದು ಎಂದು ಹೇಳುವ ಕಟ್ಟಳೆ ಇರಲಿಲ್ಲ.

ಅಷ್ಟರಲ್ಲಿ ಹೊರಗೆ ಜನ ಸೇರಿತ್ತು. ಪಾರುಗಾಣಿಸುವ ತಂಡದ ಮುಖಂಡ ಅಮರೇಗೌಡ, ಹಿಂದೆ ಇಪ್ಪತ್ತಾರು ಗಟ್ಟಿ ಆಳುಗಳು, ಹೆಲ್ಮೆಟ್ಟು ಹಾರೆ ಹಗ್ಗ ಸಮೇತ. ಅವನ ತಮ್ಮನೂ ಆ ಎಂಟರಲ್ಲಿ ಒಬ್ಬ. ಅವರ ಹಿಂದೆ ಊರಿಗೆ ಊರೇ. ಮೊದಲ ಕಲ್ಲು ಕಿಟಕಿಗೆ ಬಿತ್ತು, ಗಾಜಿನ ಚೂರು ಹುಲಿಗೆಮ್ಮನ ಹುಬ್ಬು ಸೀಳಿತು.

"ತೊಟ್ಟಿಲ ಇಳಸು!" ಅಮರೇಗೌಡ ಬಾಗಿಲ ಮೇಲೆ ಗುದ್ದಿದ. "ಯಾಕ ಹಿಡಿದಿ?"

"ಕೆಂಪೈತಿ ಅಣ್ಣಾ! ಇನ್ನೊಮ್ಮೆ ಸಿಡೀತೈತಿ. ನೀವಷ್ಟೂ ಮಂದಿ ಹೋಗ್ತೀರಿ!"

"ಮುಂಜಾನಿ ಹಸರ ಅಂದಿತ್ತಲ್ಲ ನಿನ್ನ ಮಿಷಿನ್ನು! ಅದರ ಮಾತ ನಂಬಿ ಎಂಟ ಮಂದಿ ಇಳಿದ್ರು. ಈಗ ಕೆಂಪ ಅಂದ್ರ ನಂಬಬೇಕೇನ ನಾವು?"

ಅವನು ಹೇಳಿದ್ದು ನಿಜವೇ ಆಗಿತ್ತು. ಕೀಲಿ ಅವಳ ಮುಷ್ಟಿಯಲ್ಲಿ ಬೆವರಿ ಜಾರುತ್ತಿತ್ತು. ತಿರುವಿದರೆ ಒಂದು ಕ್ಷಣದ ಕೆಲಸ. ಕೆಳಗೆ ಹೋಗಿ ಕಲ್ಲು ಸರಿಸಲು ಕಡಿಮೆಯೆಂದರೂ ಐದು ತಾಸು. ಬಂಡೆ ಅಷ್ಟು ಹೊತ್ತು ಕಾಯುವುದಿಲ್ಲ ಎನ್ನುತ್ತಿತ್ತು ಯಂತ್ರ. ಕಿವಿಯಲ್ಲಿ ಐದು ಬಡಿತ, ಬಿಡುವು, ಐದು ಬಡಿತ. ಒಂದು ಸಲ ಕೀಲಿಯನ್ನು ತೂತಿಗೆ ಹಾಕಿಯೂ ಬಿಟ್ಟಳು. ತಾಯಪ್ಪ ಅವಳ ಮಣಿಕಟ್ಟು ಹಿಡಿದ. ಕೀಲಿ ಹೊರಗೆ ಬರುವ ತನಕ ಬಿಡಲಿಲ್ಲ.

ಮೂರು ತಾಸು ಬಾಗಿಲು ತಡೆಯಿತು. ಆಮೇಲೆ ಹಳಿಯ ತುಂಡೊಂದನ್ನು ಆರು ಜನ ಎತ್ತಿಕೊಂಡು ಬಂದು ಗುಮ್ಮಿದರು. ಬಾಗಿಲು ಚೌಕಟ್ಟಿನ ಸಮೇತ ಒಳಗೆ ಬಿತ್ತು. ತಾಯಪ್ಪ ಎರಡೂ ಕೈ ಚಾಚಿ ಅಡ್ಡ ನಿಂತ. ಅಮರೇಗೌಡನ ಕೈಯಲ್ಲಿ ಕಲ್ಲು ಕೊರೆಯುವ ಉಕ್ಕಿನ ಸರಳಿತ್ತು. ಒಂದೇ ಏಟು, ಮುದುಕನ ತಲೆಯ ಎಡಗಡೆ. ಮುದುಕ ಗೋಡೆ ಹಿಡಿದು ಜಾರಿದ, ಗೋಡೆಯ ಮೇಲೆ ಅಂಗೈಯಗಲ ರಕ್ತ. ಯಾರೋ ಹುಲಿಗೆಮ್ಮನ ಕೂದಲು ಹಿಡಿದು ಎಳೆದರು, ಯಾರೋ ಹೊಟ್ಟೆಗೆ ಒದ್ದರು. ಬಡಿತ ಯಾರ ಕಿವಿಗೂ ಬೀಳದಿರಲಿ ಎಂದು ಅವಳು ಹೆಡ್‌ಫೋನಿನ ತಂತಿ ಕಿತ್ತೆಸೆದಳು. ಕೀಲಿಯ ಮೇಲೆ ಬೋರಲು ಬಿದ್ದು ಗಪ್ಪನೆ ಮುದುಡಿಕೊಂಡಳು. ಬೆನ್ನ ಮೇಲೆ ಬೂಟುಕಾಲು ಬಿದ್ದವು, ಬಿದ್ದವು. ಪಕ್ಕೆಲುಬು ಲಟಕ್ಕೆಂದದ್ದು ಅವಳಿಗೇ ಕೇಳಿಸಿತು.

"ಕೊಡಲೇ ಕೀಲಿ!" ಆ ಗದ್ದಲದಲ್ಲೂ ಅವಳಿಗೆ ಗುರುತು ಸಿಕ್ಕ ದನಿ. ದ್ಯಾವಮ್ಮ. ಜನರ ಕಾಲಡಿ ನುಗ್ಗಿ ಬಂದು ಸೊಸೆಯ ಮುಷ್ಟಿಯನ್ನು ಉಗುರಿನಿಂದ ಬಿಡಿಸುತ್ತಿದ್ದಳು. "ನನ್ನ ಮಗ ಅದಾನ ಕೆಳಗ! ನಿನ್ನ ಗಂಡ ಅಲ್ಲೇನು? ಕಲ್ಲೇನ ನೀ?"

ಅಮರೇಗೌಡ ಕೈ ಎತ್ತಿ ಎಲ್ಲರನ್ನೂ ತಡೆದ. ಅವಳ ಮುಖದ ಹತ್ತಿರ ಕುಳಿತ. "ಖರೇ ಹೇಳು. ಈ ಮಿಷಿನ್ನಿಗೆ ಬಡತ ಕೇಳಸ್ತೈತಿ ಅಂತಾರ. ಬಡದಾರೇನು ಅವರು? ಎಷ್ಟ ಬಿದ್ದಾವು?"

ಎದುರಿಗೇ ಪರದೆಯಿತ್ತು. ಅದರ ಮೇಲೆ ಪುಟ್ಟ ಗೆರೆಗಳು ಏಳುತ್ತಿದ್ದವು. ಐದಿದ್ದದ್ದು ಈಗ ನಾಲ್ಕಾಗಿತ್ತು. ನಾಲ್ಕು ಗೆರೆ, ಬಿಡುವು, ನಾಲ್ಕು ಗೆರೆ. ಅಷ್ಟೂ ಜನ ಅದನ್ನೇ ನೋಡುತ್ತಿದ್ದರು. ಓದಲು ಬರುತ್ತಿದ್ದದ್ದು ಇಬ್ಬರಿಗೆ ಮಾತ್ರ. ನಾಲ್ಕು ಎಂದರೆ ಇಪ್ಪತ್ತಾರು ಜನ ಈಗಲೇ ಇಳಿಯುತ್ತಾರೆ, ಅವರನ್ನು ಆ ದೇವರೇ ಬಂದರೂ ತಡೆಯಲಾಗುವುದಿಲ್ಲ.

"ಒಂದೂ ಇಲ್ಲ," ಅಂದಳು ಹುಲಿಗೆಮ್ಮ. "ಮುಂಜಾನೇನೇ ಹೋಗ್ಯಾರ. ಎಂಟೂ ಮಂದಿ. ಯಾರೂ ಇಲ್ಲತ್ತಿ. ನಿನ್ನ ಮಗನೂ ಇಲ್ಲ."

ಅಮರೇಗೌಡ ತಾಯಪ್ಪನ ಕಡೆ ತಿರುಗಿದ. ಮುದುಕನ ಒಂದು ಕಣ್ಣು ರಕ್ತದಲ್ಲಿ ಮುಚ್ಚಿಹೋಗಿತ್ತು. ಇನ್ನೊಂದು ಪರದೆಯ ಮೇಲೆಯೇ ಇತ್ತು.

"ಇಲ್ಲೋ ಅಮರ್ಯಾ," ಅಂದ ತಾಯಪ್ಪ. "ಮುಂಜಾನಿಂದ ಕೇಳಾಕತ್ತೀನಿ. ಬರೇ ಕಲ್ಲಿನ ಸಪ್ಪಳ."

ಸಾಯುವ ಮುದುಕ ಸುಳ್ಳು ಹೇಳುತ್ತಾನೆ ಎಂದು ಯಾರಿಗೆ ಅನಿಸಬೇಕು. ಅಮರೇಗೌಡನ ಕೈಯಿಂದ ಸರಳು ಬಿತ್ತು. ದ್ಯಾವಮ್ಮ ಸೊಸೆಯ ಮುಷ್ಟಿ ಬಿಟ್ಟಳು. ಆಮೇಲೆ ಎದ್ದ ಅಳುವಿಗೆ ಗೋಡೆಗಳೇ ನಡುಗಿದವು. ಆ ಅಳುವಿನ ನಡುವೆ ಹುಲಿಗೆಮ್ಮ ನೆಲದ ಮೇಲೆ ಬಿದ್ದುಕೊಂಡೇ ಪರದೆ ನೋಡುತ್ತಿದ್ದಳು. ನಾಲ್ಕು, ಬಿಡುವು. ನಾಲ್ಕು, ಬಿಡುವು.

ಸಂಜೆ ನಾಲ್ಕು ಗಂಟೆ ದಾಟಿ ಹತ್ತು ನಿಮಿಷಕ್ಕೆ ಬಂಡೆ ಸಿಡಿಯಿತು. ನಿಂತವರೆಲ್ಲ ನೆಲಕ್ಕೆ ಬಿದ್ದರು. ತೊಟ್ಟಿಲಿನ ಎತ್ತರದ ಗೋಪುರ ಓಲಾಡಿತು, ಗಣಿಬಾವಿಯ ಬಾಯಿಂದ ಬೂದಿಬಣ್ಣದ ಧೂಳು ಮೂರಾಳೆತ್ತರ ಉಕ್ಕಿತು. ಧೂಳು ಇಳಿದ ಮೇಲೆ ಅಮರೇಗೌಡ ತನ್ನ ಹಿಂದಿನ ಇಪ್ಪತ್ತಾರು ಮುಖಗಳನ್ನು ಒಂದೊಂದಾಗಿ ನೋಡಿದ. ಹುಲಿಗೆಮ್ಮನ ಎದುರು ಬಂದು ಎರಡೂ ಕೈ ಮುಗಿದ. ಅವಳು ಬದಿಗೆ ಹೊರಳಿ ವಾಂತಿ ಮಾಡಿಕೊಂಡಳು.

ಮೂರನೆಯ ದಿನ ತಾಯಪ್ಪ ಆಸ್ಪತ್ರೆಯಲ್ಲಿ ಸತ್ತ. ಎಚ್ಚರ ಇದ್ದಷ್ಟು ಹೊತ್ತೂ ಬಡಿತದ ವಿಷಯ ಅವನ ಬಾಯಿಂದ ಬರಲಿಲ್ಲ.

ಗಣಿಯ ಮ್ಯಾನೇಜರು ಹುಲಿಗೆಮ್ಮನನ್ನು ಕರೆಸಿ ನಯವಾಗಿ ಹೇಳಿದರು. "ನೋಡಮ್ಮ, ಆಪರೇಟರ್ ತೂಕಡಿಸಿದ್ದ ಅಂತ ಬರೆದುಬಿಡು. ಸತ್ತವನಿಗೆ ನೋವಿಲ್ಲ, ನಿನಗೂ ಕಷ್ಟ ಇಲ್ಲ."

"ಆತ ಕಣ್ಣ ಪಿಳಕಿಸಿಲ್ರಿ," ಅಂದಳು ಹುಲಿಗೆಮ್ಮ. "ಮಲಗಿದ್ದಾಕಿ ನಾನು." ಎದ್ದು ಬಂದಳು. ತನ್ನ ತಪ್ಪಿನ ಸಾಲನ್ನೂ ತಿದ್ದಿದ ಸಾಲನ್ನೂ, ತನ್ನ ಹೆಸರು ಹಾಕಿ, ಆ ಸಿಸ್ಟಮ್ ಬಳಸುವ ಬೆರಳೆಣಿಕೆಯ ಜನ ಓದುವ ಬಯಲು ತಾಣದಲ್ಲಿ ಜಗಜ್ಜಾಹೀರಾಗಿ ಬರೆದಳು.

ಒಂದೇ ಉತ್ತರ ಬಂತು, ಹಿಮಾಲಯದ ಮೇಲಿನ ಒಂದು ಚೌಕಿಯಿಂದ. ಸ್ಟಾಂಜಿನ್ ಎಂಬ ಹೆಂಗಸು, ಹಿಮ ಜಾರುವ ಮುನ್ಸೂಚನೆ ಕೊಡುವ ಕೆಲಸದವಳು. ನಮ್ಮಲ್ಲೂ ಇದೇ ಚಿಪ್, ಕೆಳಗೆ ಮೂರು ಊರು ಇವೆ ಎಂದು ಬರೆದಿದ್ದಳು. ತಿದ್ದಿದ ಮೇಲೆ ನಿಮ್ಮ ಯಂತ್ರಕ್ಕೆ ಸಣ್ಣ ಸದ್ದೂ ಸರಿಯಾಗಿ ಕೇಳಿಸಿತೇ? ನಂಬಿ ಹಾಕಿಕೊಳ್ಳಲೇ? ಆ ಹೊತ್ತಿನ ಪೂರ್ತಿ ದಿನಚರಿ ಕಳಿಸಿ.

ಪೂರ್ತಿ ದಿನಚರಿ ಅಂದರೆ ಆ ಬಡಿತಗಳು. ಅವುಗಳಿಗಿಂತ ಸಣ್ಣ ಸದ್ದು ಇನ್ನಾವುದಿದೆ? ಕಳಿಸಿದರೆ ಎಲ್ಲರೂ ಓದಬಹುದು. ಬಚ್ಚಿಡುವುದು ಈ ಕಸುಬಿನಲ್ಲೇ ಇಲ್ಲ. ಬಚ್ಚಿಟ್ಟರೆ ಆ ಮೂರು ಊರು ಹಸಿರು ನೋಡಿಕೊಂಡೇ ಹೂತುಹೋಗುತ್ತವೆ.

ಹುಲಿಗೆಮ್ಮ ಮಧ್ಯಾಹ್ನ ಮನೆಗೆ ಹೋದಳು. ಹತ್ತು ದಿನದಿಂದ ದ್ಯಾವಮ್ಮ ಸೊಸೆಯ ಪಕ್ಕೆಗೆ ತಾನೇ ಎಣ್ಣೆ ಹಚ್ಚುತ್ತಿದ್ದಳು, ತಾನೇ ಮುರಿದು ತುತ್ತು ಕೊಡುತ್ತಿದ್ದಳು. ಅವತ್ತು ಉಗುರಿನಿಂದ ಪರಚಿದ್ದಕ್ಕೆ ಅದು ಅವಳ ಕ್ಷಮಾಪಣೆ. ಅವತ್ತೂ ಎಣ್ಣೆ ಬಿಸಿ ಮಾಡುತ್ತಾ ಅಂದಳು, "ಒಂದ ಸಮಾಧಾನ ನೋಡಬೇ. ಗಕ್ಕನ ಹೋದ ನನ್ನ ಮಗ. ನರಳಲಿಲ್ಲ."

ಹುಲಿಗೆಮ್ಮ ಎದುರಿಗೆ ಕುಳಿತಳು. "ಅತ್ತಿ, ನಾ ಸುಳ್ಳ ಹೇಳೀನಿ. ಐದು ಮಂದಿ ಇದ್ರು. ಆಮ್ಯಾಲೆ ನಾಕು. ಸಂಜಿಗೆ ಕಲ್ಲ ಸಿಡಿಯೂ ತನಕ ಬಡದಾರ."

ದ್ಯಾವಮ್ಮ ಎಣ್ಣೆಯನ್ನು ಒಲೆಯಿಂದ ಇಳಿಸಿದಳು. "ಅವರಾಗ ಯಂಕೋಬ..."

"ಗೊತ್ತಿಲ್ಲತ್ತಿ. ದೇವರಾಣಿ ಗೊತ್ತಿಲ್ಲ."

ಮುದುಕಿಯ ಕೈಗೆ ಲಟ್ಟಣಿಗೆ ಸಿಕ್ಕಿತು. ಹೆಗಲಿಗೆ ಹೊಡೆದಳು, ತಲೆಗೆ ಹೊಡೆದಳು, ಮುರಿದ ಪಕ್ಕೆಗೆ ಹೊಡೆದಳು. "ಹಾಟಗಳ್ಳಿ! ಕೇಳಿಸಿಕೋತ ಕುಂತಿದ್ದೇನ ನೀ? ಕೇಳಿಸಿಕೋತ?" ಹುಲಿಗೆಮ್ಮ ಕೈ ಅಡ್ಡ ತರಲಿಲ್ಲ. ತುಟಿ ಒಡೆದು ರಕ್ತ ಸೆರಗಿಗೆ ಇಳಿಯಿತು. ಕೊನೆಗೆ ಮುದುಕಿಯ ತೋಳೇ ಸೋತಿತು. ಇಬ್ಬರೂ ಏದುಸಿರು ಬಿಡುತ್ತಾ ನೆಲದ ಮೇಲೆ ಕುಳಿತರು.

"ಎಲ್ಲಾರಿಗೂ ಗೊತ್ತಾಗತೈತಿ ಇನ್ನ," ಅಂದಳು ಹುಲಿಗೆಮ್ಮ. "ಕಳಸಬೇಕು ಅದನ್ನ. ಕಳಸಲಿಲ್ಲಂದ್ರ ಬ್ಯಾರೆ ಕಡೆ ಮಂದಿ ಸಾಯ್ತಾರ."

"ಅಮರೇಗೌಡ ನಿನ್ನ ಜೀವಂತ ಬಿಡೂದಿಲ್ಲ."

"ಬಿಡದಿದ್ರ ಬಿಡಲಿ."

ದ್ಯಾವಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಕಳಸು. ಅದಕ್ಕೂ ಮೊದಲ ನನಗ ಕೇಳಸು."

"ಬ್ಯಾಡತ್ತಿ."

"ಹಡದಾಕಿ ನಾನು. ನೀ ಒಬ್ಬಾಕಿನ ಕೇಳೀದಿ. ನನಗೂ ಕೇಳಸು."

ಹುಲಿಗೆಮ್ಮ ಲ್ಯಾಪ್‌ಟಾಪ್ ತೆರೆದು ಆ ದಿನದ ಸದ್ದು ಹಚ್ಚಿದಳು. ಪರದೆಯ ಮೂಲೆಯಲ್ಲಿ ಅವತ್ತಿನ ಗಂಟೆ ಓಡುತ್ತಿತ್ತು. ಐದು ಬಡಿತ, ಬಿಡುವು. ದ್ಯಾವಮ್ಮ ಒಂದೊಂದು ಬಡಿತಕ್ಕೂ ತಲೆ ಆಡಿಸಿದಳು, ಮಗ ಎದುರಿಗೆ ಕುಳಿತು ಮಾತಾಡುತ್ತಿದ್ದಾನೋ ಎಂಬ ಹಾಗೆ. ಎದ್ದು ಹೋಗಲಿಲ್ಲ, ನೀರು ಕುಡಿಯಲಿಲ್ಲ. ಐದು ನಾಲ್ಕಾದಾಗ ಹುಲಿಗೆಮ್ಮ ನೋಡಿದಳು. ಮುದುಕಿಯ ತಲೆಯೂ ನಾಲ್ಕೇ ಸಲ ಆಡಿತು. ಎಣ್ಣೆ ಆರಿ ತಣ್ಣಗಾಯಿತು. ಬಾಗಿಲಿಗೆ ಬಂದ ಪಕ್ಕದ ಮನೆಯವಳನ್ನು ದ್ಯಾವಮ್ಮ ಕೈ ಬೀಸಿ ಕಳಿಸಿಬಿಟ್ಟಳು.

"ಸಿಡಿಯಾಕ ಇನ್ನ ಎಷ್ಟೈತಿ?" ಕೇಳಿದಳು ಕೊನೆಗೆ, ಪರದೆಯ ಗಂಟೆ ನಾಲ್ಕು ದಾಟಿದ ಮೇಲೆ.

"ಎರಡು ನಿಮಿಷ."

ದ್ಯಾವಮ್ಮ ಕುಳಿತಲ್ಲಿಂದ ಸರಿದು ಸೊಸೆಯ ಹತ್ತಿರ ಬಂದಳು. ಅವಳ ತಲೆಯನ್ನು ತನ್ನ ಎದೆಗೆ ಎಳೆದುಕೊಂಡು, ಲಟ್ಟಣಿಗೆ ಹಿಡಿದು ಬಾತಿದ್ದ ಎರಡೂ ಅಂಗೈಗಳಿಂದ ಅವಳ ಕಿವಿಗಳನ್ನು ಗಟ್ಟಿಯಾಗಿ ಮುಚ್ಚಿದಳು. ತಾನು ಮಾತ್ರ ಪರದೆಯ ಕಡೆ ಮುಖ ಮಾಡಿ ಕುಳಿತು, ಕೊನೆಯ ತನಕ ಕೇಳಿದಳು.